ಪಾದದ ಕೀಲು ಮುರಿದಾಗ: ಊರುಗೋಲೋ, ವಾಕರೋ, ಸ್ಕೂಟರೋ, ವೀಲ್‌ಚೇರೋ?

"ಆರು ವಾರ ಈ ಕಾಲು ಊರಬಾರದು" ಎಂದು ಹೇಳಿ ಡಾಕ್ಟರು ಮುಂದಿನವರನ್ನು ಕರೆಯುತ್ತಾರೆ. ಆ ಆರು ವಾರ ಓಡಾಡುವುದು ಹೇಗೆ ಎಂಬ ಯೋಚನೆ ಶುರುವಾಗುವುದು ಆಮೇಲೆ. ಕ್ರಚಸ್ ಸಾಕಾ? ವಾಕರ್ ವಯಸ್ಸಾದವರಿಗೆ ಮಾತ್ರಾನಾ? ಮಂಡಿ ಊರಿ ತಳ್ಳಿಕೊಂಡು ಹೋಗುವ ಸ್ಕೂಟರ್ ಬಂದಿದೆಯಂತಲ್ಲ, ಅದು ಹೇಗೆ? ವೀಲ್‌ಚೇರ್ ಅಂದರೆ ಅತಿಯಾಯಿತಾ?

ಹೆಚ್ಚಿನವರು ಮುರಿದ ಕಾಲನ್ನು ನೋಡಿ ಆರಿಸುತ್ತಾರೆ. ಆದರೆ ಆ ಕಾಲಿಗೆ ಈಗ ರಜೆ. ದುಡಿಯಬೇಕಾದದ್ದು ಎರಡು ಕೈ, ಇನ್ನೊಂದು ಕಾಲು, ಸೊಂಟ. ಆರಿಸುವಾಗ ಅವುಗಳನ್ನು ನೋಡಬೇಕು. ಜೊತೆಗೆ ನಿಮ್ಮ ದಿನದಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು ಯಾವುದು ಅಂತಲೂ ನೋಡಬೇಕು. ಬಹಳ ಜನಕ್ಕೆ ಅದು ರಾತ್ರಿ ನಿದ್ದೆಗಣ್ಣಲ್ಲಿ ಬಾತ್‌ರೂಮಿಗೆ ಹೋಗುವ ಹೊತ್ತು. ಅಂಗಡಿಯ ನುಣ್ಣನೆ ನೆಲದ ಮೇಲೆ ಎಲ್ಲ ಸಾಧನವೂ ಚೆನ್ನಾಗೇ ಓಡುತ್ತದೆ.

ಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ

ಆಂಕಲ್ ಫ್ರಾಕ್ಚರ್ ಅನ್ನುವುದು ಒಂದೇ ಬಗೆಯ ಪೆಟ್ಟಲ್ಲ. ಫಿಬುಲಾ ಎಂಬ ಹೊರಬದಿಯ ಸಣ್ಣ ಮೂಳೆಯ ತುದಿ ಮಾತ್ರ ಬಿರುಕು ಬಿಟ್ಟು, ಕೀಲು ತನ್ನ ಜಾಗದಲ್ಲೇ ಗಟ್ಟಿಯಾಗಿ ನಿಂತಿದ್ದರೆ, ಬೂಟ್ (ಪ್ಲಾಸ್ಟರಿನ ಬದಲು ಹಾಕುವ, ಬಿಚ್ಚಬಹುದಾದ ಗಟ್ಟಿ ಬೂಟು) ಹಾಕಿ ಮೊದಲ ದಿನಗಳಿಂದಲೇ ನಡೆಯಲು ಬಿಡುವುದುಂಟು. ಕೀಲಿನ ಒಳಬದಿ, ಹೊರಬದಿಯಲ್ಲಿ ಉಬ್ಬಿ ಕಾಣುವ ಮೂಳೆಯ ಗಂಟು ಎರಡೂ ಮುರಿದಿದ್ದರೆ, ಅಥವಾ ಹಿಂದಿನ ಅಂಚೂ ಸೇರಿ ಮೂರು ಕಡೆ ಮುರಿದಿದ್ದರೆ, ಪ್ಲೇಟು ಸ್ಕ್ರೂ ಹಾಕಿ ಕೂಡಿಸುವುದೇ ಹೆಚ್ಚು. ಇಂಥವರಿಗೆ ಕಾಲು ಊರುವ ಅಪ್ಪಣೆ ತಡವಾಗಿ ಸಿಗುತ್ತದೆ.

ಆದ್ದರಿಂದ "ನಡೀಬಹುದಾ?" ಅಂತ ಕೇಳಿದರೆ ಸಾಲದು. "ಎಷ್ಟು ಭಾರ ಹಾಕಬಹುದು, ಎಷ್ಟು ವಾರ?" ಅಂತ ಬಿಡಿಸಿ ಕೇಳಿ. ಉತ್ತರ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ. ಒಂದಿಷ್ಟೂ ಭಾರ ಬೇಡ, ಕಾಲು ಗಾಳಿಯಲ್ಲೇ ಇರಲಿ. ಅಥವಾ ಆಯ ತಪ್ಪದ ಹಾಗೆ ಬೆರಳು ತಾಗಿಸಬಹುದು, ಭಾರ ಮಾತ್ರ ಬೇಡ. ಅಥವಾ ಇಷ್ಟು ಕಿಲೋವರೆಗೆ ಹಾಕಬಹುದು. ಇಲ್ಲವೇ, ನೋವು ಸಹಿಸಿಕೊಳ್ಳಬಹುದಾದಷ್ಟು ಹಾಕಬಹುದು.

ಮೂರನೆಯ ಉತ್ತರ ಬಂದರೆ ಮನೆಯಲ್ಲಿ ತೂಕದ ಯಂತ್ರ ಇದ್ದರೆ ತೆಗೆಯಿರಿ. ಊರುಗೋಲು ಹಿಡಿದು ನಿಂತು, ಪೆಟ್ಟಾದ ಕಾಲನ್ನು ಅದರ ಮೇಲಿಟ್ಟು, ಮುಳ್ಳು 20 ಕಿಲೋಗೆ ಬರುವವರೆಗೆ ಮೆಲ್ಲಗೆ ಒತ್ತಿ ನೋಡಿ. ಡಾಕ್ಟರು ಹೇಳಿದ್ದು ಬೇರೆ ಸಂಖ್ಯೆಯಾದರೆ ಅಲ್ಲಿಗೆ ನಿಲ್ಲಿಸಿ. 20 ಕಿಲೋ ಅಂದರೆ ನಾವು ಅಂದುಕೊಂಡದ್ದಕ್ಕಿಂತ ಎಷ್ಟು ಕಮ್ಮಿ ಅಂತ ಆಗ ಗೊತ್ತಾಗುತ್ತದೆ.

ಇದಕ್ಕೂ ಕೊಳ್ಳುವುದಕ್ಕೂ ಏನು ಸಂಬಂಧ? ಬಹಳ ಸಂಬಂಧ ಇದೆ. ಬೆರಳು ತಾಗಿಸಬಹುದು ಅಂದಮೇಲೆ ಊರುಗೋಲು, ವಾಕರ್ ಎರಡೂ ಅರ್ಧ ಸುಲಭವಾಗುತ್ತವೆ. ಒಂದಿಷ್ಟೂ ಬೇಡ ಅಂದಾಗ ಸ್ಕೂಟರ್‌ಗೆ ಬೆಲೆ ಬರುತ್ತದೆ. ವಾರಗಳ ಲೆಕ್ಕವೂ ಈಗ ಮೊದಲಿನ ಹಾಗಿಲ್ಲ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆಗಿ 2 ವಾರಕ್ಕೆ ಭಾರ ಹಾಕಲು ಶುರು ಮಾಡಿದವರು, 6 ವಾರ ಕಾದವರಿಗಿಂತ ಹಿಂದೆ ಬೀಳಲಿಲ್ಲ. ಇದು ಎಲ್ಲ ಮುರಿತಕ್ಕೂ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ, ಮೂಳೆ ತೆಳುವಾದವರಿಗೆ ಡಾಕ್ಟರು ಬೇರೆಯೇ ಹೇಳಬಹುದು. ಆದರೆ ನಿಮಗೆ ಎರಡೇ ವಾರ ಅಂತ ಹೇಳಿದ್ದರೆ ಸ್ಕೂಟರ್ ಕೊಂಡು ತರುವುದು ದಂಡ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಮೊದಲನೆಯದು, ಮೇಲೆ ಹೇಳಿದ ರಾತ್ರಿಯ ದಾರಿ. ಹಾಸಿಗೆಯಿಂದ ಕಮೋಡಿನವರೆಗೆ ಹೋಗಿ ನೋಡಿ, ಅಥವಾ ಯಾರನ್ನಾದರೂ ಕಳಿಸಿ ನೋಡಿಸಿ. ಎಷ್ಟು ತಿರುವು, ಹೊಸ್ತಿಲು ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ, ನೆಲ ಒದ್ದೆ ಇರುತ್ತದಾ? ಅಳತೆ ಟೇಪು ಹಿಡಿದೇ ನೋಡಿ.

ಎರಡನೆಯದು ಮೆಟ್ಟಿಲು. ಒಂದೇ ಒಂದು ಮೆಟ್ಟಿಲಿದ್ದರೂ ಚಕ್ರದ ಸಾಧನ ಅಲ್ಲೇ ನಿಲ್ಲುತ್ತದೆ. ದಿನಕ್ಕೊಮ್ಮೆ ಹತ್ತಿಳಿಯುವುದಾ, ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುವಾಗ ಮಾತ್ರವಾ ಅಂತ ಬೇರೆ ಮಾಡಿಕೊಳ್ಳಿ. ವಾರಕ್ಕೊಮ್ಮೆಯ ಮೆಟ್ಟಿಲಿಗಾಗಿ ಇಡೀ ವಾರದ ಸುಖ ಬಿಡಬೇಕಿಲ್ಲ. ಕೂತು, ಹಿಂದಕ್ಕೆ ಜಾರಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಬಹುದು. ಇದರಲ್ಲಿ ನಾಚಿಕೆ ಏನಿಲ್ಲ. ಫಿಸಿಯೋಗಳೇ ಹೇಳಿಕೊಡುವ ದಾರಿ ಇದು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಕೈ ಖಾಲಿ ಬೇಕಾ? ಒಬ್ಬರೇ ಇರುವವರಿಗೆ ನಡೆಯುವುದಕ್ಕಿಂತ ದೊಡ್ಡ ಕಷ್ಟ ಹೊತ್ತೊಯ್ಯುವುದು. ಎರಡು ಕೈಯಲ್ಲೂ ಊರುಗೋಲು ಇದ್ದರೆ ಅಡುಗೆಮನೆಯಿಂದ ಒಂದು ಲೋಟ ನೀರನ್ನು ಮೇಜಿಗೆ ತರಲು ಆಗುವುದಿಲ್ಲ. ಮಗುವನ್ನು ನೋಡಿಕೊಳ್ಳುವವರು, ದಿನವಿಡೀ ನಿಂತು ಕೆಲಸ ಮಾಡುವವರು ಇದನ್ನೇ ಮೊದಲ ಸಾಲಿನಲ್ಲಿ ಇಡಬೇಕು.

ಆಮೇಲೆ ನಿಮ್ಮ ಮೈ. ಮಣಿಕಟ್ಟು, ಭುಜ ಗಟ್ಟಿ ಇವೆಯಾ? ಇನ್ನೊಂದು ಕಾಲಿನ ಮಂಡಿ ನೋಯುತ್ತದಾ? ಒಂಟಿ ಕಾಲಲ್ಲಿ, ಏನನ್ನಾದರೂ ಹಿಡಿದುಕೊಂಡು, ಅರ್ಧ ನಿಮಿಷ ನಿಲ್ಲಲು ಆಗುತ್ತದಾ? ತಲೆಸುತ್ತು ಬರುವ ಮಾತ್ರೆ ನುಂಗುತ್ತಿದ್ದೀರಾ? ಪಾದದಲ್ಲಿ ಸ್ಪರ್ಶ ಸರಿಯಾಗಿ ಗೊತ್ತಾಗುತ್ತದಾ? ಹಳೆಯ ಸಕ್ಕರೆ ಕಾಯಿಲೆಯಲ್ಲಿ ಸ್ಪರ್ಶ ಹೋಗಿದ್ದರೆ ಭಾರ ಬಿದ್ದದ್ದೇ ತಿಳಿಯುವುದಿಲ್ಲ. ಅಂಥವರಿಗೆ ಊರುಗೋಲು ಕೊಟ್ಟು "ಊರಬೇಡಿ" ಅನ್ನುವುದು ಸುಮ್ನೆ ಮಾತಾಗುತ್ತದೆ.

ದುಡ್ಡು ಕೊನೆಯಲ್ಲಿ ಬರಲಿ. ಇದು ಕೆಲವು ವಾರಗಳ ವಸ್ತು. ಬೆಲೆಗಿಂತ ಬಾಡಿಗೆ, ಎರವಲು ಸಿಗುತ್ತದಾ ಅನ್ನುವುದು ಮುಖ್ಯ.

ಕಂಕುಳ ಊರುಗೋಲು

ಎಲ್ಲಕ್ಕಿಂತ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಮೆಟ್ಟಿಲಿಗೂ ಆಗುತ್ತದೆ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಬಹುದು. ಇಷ್ಟು ಒಳ್ಳೆಯ ಗುಣ ಇದ್ದರೂ ಜನ ಇದನ್ನು ಬೈಯುತ್ತಾರೆ. ಕಾರಣ ಹೆಚ್ಚಿನ ಸಲ ಅಳತೆ.

ಹೆಸರಿನಲ್ಲಿ ಕಂಕುಳು ಇದೆ ಅಂತ ಕಂಕುಳನ್ನು ಅದರ ಮೇಲೆ ಹೇರುತ್ತಾರೆ. ಅಲ್ಲೇ ತಪ್ಪು. ಅಲ್ಲಿ ತೋಳಿಗೆ ಹೋಗುವ ನರಗಳಿವೆ. ದಿನಗಟ್ಟಲೆ ಒತ್ತಿದರೆ ಕೈ ಜುಮುಗುಡುತ್ತದೆ, ಇನ್ನೂ ಹೋದರೆ ಮಣಿಕಟ್ಟು ಎತ್ತಲೂ ಆಗದಷ್ಟು ಸೋಲುತ್ತದೆ. ಭಾರ ಹೋಗಬೇಕಾದದ್ದು ಅಂಗೈಗೆ.

ಸರಿ ಮಾಡಿಕೊಳ್ಳುವುದು ಹೀಗೆ. ಚಪ್ಪಟೆ ಹಿಮ್ಮಡಿಯ ಶೂ ಹಾಕಿ ನೆಟ್ಟಗೆ ನಿಲ್ಲಿ, ಭುಜ ಸಡಿಲ ಇರಲಿ. ಊರುಗೋಲಿನ ತುದಿಯನ್ನು ಪಾದದ ಪಕ್ಕಕ್ಕೂ ಮುಂದಕ್ಕೂ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ, ಸುಮಾರು 15 ಸೆಂ.ಮೀ. ದೂರ ಇಡಿ. ಮೇಲಿನ ಮೆತ್ತೆಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಈಗ ಕೈ ಇಳಿಬಿಡಿ. ಕೋಲಿನ ಹಿಡಿ ನಿಮ್ಮ ಮಣಿಕಟ್ಟಿನ ಗೆರೆಗೆ ಸಮ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಮಡಿಸಿರಬೇಕು. ಬಟನ್ ಒತ್ತಿ ಕೊಳವೆ ಎಳೆದ ಮೇಲೆ "ಟಿಕ್" ಅಂತ ತೂತಿನಿಂದ ಪೂರ್ತಿ ಹೊರಬಂದಿದೆಯಾ ನೋಡಿ. ಅರ್ಧ ಬಂದ ಬಟನ್ ಮೇಲೆ ಮೈಭಾರ ಬಿಟ್ಟರೆ ಆ ಕೋಲು ಒಮ್ಮೆಲೇ ಗಿಡ್ಡವಾಗುತ್ತದೆ. ಎರಡು ಕೋಲಿನಲ್ಲೂ ಬಟನ್ ಒಂದೇ ತೂತಿನಲ್ಲಿ ಇರಬೇಕು. ಹಿಡಿಯ ರೆಕ್ಕೆನಟ್ಟು ಬಿಗಿ ಇದೆಯಾ ಅಂತ ಎರಡು ಮೂರು ದಿನಕ್ಕೊಮ್ಮೆ ತಿರುಗಿಸಿ ನೋಡಿ. ತುದಿಯ ರಬ್ಬರ್ ಬುಷ್ ಸವೆದು ನುಣ್ಣಗಾಗಿದ್ದರೆ ಬದಲಿಸಿ. ಎರವಲು ತಂದ ಕೋಲಿನಲ್ಲಿ ಇದೇ ಮೊದಲ ಕೆಲಸ.

ಮೆಟ್ಟಿಲಿನ ನಿಯಮ ಇಷ್ಟೇ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮೊದಲು, ಅದರ ಜೊತೆಗೆ ಪೆಟ್ಟಾದ ಕಾಲು ಮುಂದೆ ಚಾಚಿಕೊಂಡು. ಕಂಬಿ ಇದ್ದರೆ ಎರಡು ಕೋಲನ್ನೂ ಒಂದು ಕೈಗೆ ತಂದು, ಇನ್ನೊಂದು ಕೈ ಕಂಬಿಗೆ ಕೊಡಿ.

ಸರಿಯಾಗಿ ಅಳೆದರೂ ದಣಿವು ಹೋಗುವುದಿಲ್ಲ. ಒಂದು ಕಾಲು ಎತ್ತಿಕೊಂಡು ಊರುಗೋಲಿನಲ್ಲಿ ನಡೆಯುವುದು ಮಾಮೂಲಿ ನಡಿಗೆಗಿಂತ ಎಷ್ಟೋ ಜಾಸ್ತಿ ಶ್ರಮದ ಕೆಲಸ. ಹೃದಯದ ತೊಂದರೆ ಇರುವವರು, ಉಸಿರಾಟದ ತೊಂದರೆ ಇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಟ್ಟಿಮುಟ್ಟಾದವರಿಗೂ ಮೊದಲ ವಾರ ಅಂಗೈ ಉರಿಯುತ್ತದೆ. ಹಿಡಿಗೆ ದಪ್ಪ ಬಟ್ಟೆ ಸುತ್ತಿ, ಅಥವಾ ಬೆರಳಿಲ್ಲದ ಗ್ಲೌಸ್ ಹಾಕಿ.

ಮೊಣಕೈ ಊರುಗೋಲು

ಮುಂಗೈಗೆ ಒಂದು ಪಟ್ಟಿ, ಕೆಳಗೆ ಹಿಡಿ. ಯುರೋಪಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಮೊದಲು ಕೊಡುವುದೇ ಇದನ್ನು, ಅಮೆರಿಕದಲ್ಲಿ ಕಂಕುಳದ್ದೇ ಹೆಚ್ಚು. ಕಂಕುಳ ನರದ ಚಿಂತೆ ಇಲ್ಲ, ಹಗುರ. ಬಾಗಿಲ ಚಿಲಕ ತೆಗೆಯಲು ಹಿಡಿ ಬಿಟ್ಟರೂ ಪಟ್ಟಿಯಿಂದ ಕೋಲು ಮುಂಗೈಯಲ್ಲೇ ನೇತಾಡುತ್ತದೆ. ಇದೊಂದೇ ಗುಣಕ್ಕೆ ನಾನು ಇದಕ್ಕೆ ಹೆಚ್ಚು ಅಂಕ ಕೊಡುತ್ತೇನೆ. ಕೆಳಗೆ ಬಿದ್ದ ಊರುಗೋಲನ್ನು ಒಂಟಿ ಕಾಲಲ್ಲಿ ಬಗ್ಗಿ ಎತ್ತಲು ಹೋಗಿ ಬೀಳುವವರು ಕಮ್ಮಿ ಇಲ್ಲ.

ಆದರೆ ಮೇಲಿನಿಂದ ಆಸರೆ ಇಲ್ಲದ್ದರಿಂದ ತೋಳಿಗೂ ಆಯಕ್ಕೂ ಕೆಲಸ ಜಾಸ್ತಿ. ಮಣಿಕಟ್ಟು ನೋಯುವವರಿಗೆ ಆಗದು. ಸ್ವಲ್ಪವಾದರೂ ಭಾರ ಹಾಕಬಹುದು ಎಂಬ ಹಂತಕ್ಕೆ ಬಂದವರಿಗೆ, ವಯಸ್ಸಿನಲ್ಲಿ ಚಿಕ್ಕವರಿಗೆ, ಮೊದಲ ದಿನದಿಂದಲೇ ಇದು ಒಳ್ಳೆಯದು.

ವಾಕರ್

ವಾಕರ್ ಅಂದರೆ ಮೂಗು ಮುರಿಯುವವರು ಬಹಳ. "ನನಗಿನ್ನೂ ಅಷ್ಟು ವಯಸ್ಸಾಗಿಲ್ಲ" ಅನ್ನುತ್ತಾರೆ. ಆದರೆ ರಾತ್ರಿಯ ದಾರಿಗೆ ಇದನ್ನು ಮೀರಿಸಿದ್ದಿಲ್ಲ. ನಾಲ್ಕು ಕಾಲು ನೆಲದಲ್ಲಿ ಇರುತ್ತವೆ, ಮುಂದೆ ಒಂದು ಕಟಕಟೆ ಇರುತ್ತದೆ, ನಿದ್ದೆಗಣ್ಣಲ್ಲಿ ಹಿಡಿದರೂ ವಾಲುವುದಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೊದಲ ದಿನಗಳಲ್ಲಿ, ನೋವಿನ ಮಾತ್ರೆಯ ಮಂಪರಿನಲ್ಲಿ, ಗಟ್ಟಿ ಯುವಕರಿಗೂ ಇದು ಬೇಕಾಗುತ್ತದೆ.

ಕಾಲು ಊರಲೇಬಾರದು ಅಂದಿದ್ದರೆ ಚಕ್ರ ಇಲ್ಲದ, ಎತ್ತಿ ಇಡುವ ವಾಕರ್ ತೆಗೆದುಕೊಳ್ಳಿ. ಮುಂದಿಡುವುದು, ಕೈಗೆ ಭಾರ ಕೊಡುವುದು, ಒಂದು ಚಿಕ್ಕ ಹಾರು. ಚಕ್ರದ್ದಾದರೆ ಹಾರುವ ಹೊತ್ತಿಗೆ ಮುಂದೆ ಓಡುತ್ತದೆ. ಭಾರ ಹಾಕಿ ನಡೆಯುವ ಹಂತಕ್ಕೆ ಮುಂದೆರಡು ಚಕ್ರದ್ದು ಚೆನ್ನ. ಮಣಿಕಟ್ಟು ಸರಿ ಇಲ್ಲದವರಿಗೆ ಮುಂಗೈ ಒರಗಿಸುವ ತಟ್ಟೆ ಜೋಡಿಸಿದ ವಾಕರ್ ಬರುತ್ತದೆ. ಕೇಳಿದರೆ ಮಾತ್ರ ತೋರಿಸುತ್ತಾರೆ, ಆದ್ದರಿಂದ ಕೇಳಿ.

ಕೊರತೆಯೂ ಇದೆ. ನಿಧಾನ. ಮೆಟ್ಟಿಲಿಗೆ ಆಗದು. ಉದ್ದ ದಾರಿಗೆ ಆಗದು, ಏಕೆಂದರೆ ಪ್ರತಿ ಹೆಜ್ಜೆಯೂ ಒಂದು ಹಾರು, ಒಳ್ಳೆಯ ಕಾಲಿನ ಮಂಡಿ ಸುಸ್ತಾಗುತ್ತದೆ. ಮುಂದಿನ ಕಂಬಿಗೆ ಚೀಲ ನೇತುಹಾಕಿದರೆ ಫೋನು, ಮಾತ್ರೆ, ಮುಚ್ಚಳದ ಬಾಟಲಿ ಒಯ್ಯಬಹುದು. ಭಾರದ ಚೀಲ ಬೇಡ, ಮುಂದಕ್ಕೆ ಎಳೆಯುತ್ತದೆ.

ಮಂಡಿ ಸ್ಕೂಟರ್

ಪೆಟ್ಟಾದ ಕಾಲಿನ ಮಂಡಿಯನ್ನು ಮಡಿಸಿ, ಮೊಣಕಾಲ ಕೆಳಗಿನ ಭಾಗವನ್ನು ಮೆತ್ತೆಯ ಮೇಲಿಟ್ಟು, ಇನ್ನೊಂದು ಕಾಲಲ್ಲಿ ತಳ್ಳಿಕೊಂಡು ಹೋಗುವುದು. ಎಲ್ಲರ ಕಣ್ಣೂ ಇದರ ಮೇಲೆ. ಸಮತಟ್ಟು ನೆಲ, ಅಗಲ ಓಣಿ, ಲಿಫ್ಟ್ ಇರುವ ಕಟ್ಟಡ ಇದ್ದರೆ ಊರುಗೋಲಿನ ಮುಂದೆ ಇದು ಸ್ವರ್ಗ. ಮುಂದೆ ಬುಟ್ಟಿ ಇರುತ್ತದೆ. ನಿಂತಲ್ಲಿ ಬ್ರೇಕ್ ಲಾಕ್ ಮಾಡಿದರೆ ಎರಡೂ ಕೈ ಖಾಲಿ, ಅಡುಗೆ ಕಟ್ಟೆಯ ಮುಂದೆ ನಿಂತು ಕೆಲಸ ಮಾಡಬಹುದು. ಕೈಗೆ, ಭುಜಕ್ಕೆ ನೋವಿಲ್ಲ. ಆಫೀಸಿಗೆ ಬೇಗ ಮರಳಬೇಕಾದವರು ಇದನ್ನು ಇಷ್ಟಪಡುವುದು ಸಹಜ.

ಆದರೆ ಇದರ ಷರತ್ತುಗಳು ಜಾಸ್ತಿ. ಅದೇ ಕಾಲಿನ ಮಂಡಿಯಲ್ಲಿ ಸವೆತವೋ ಹಳೆಯ ಪೆಟ್ಟೋ ಇದ್ದರೆ ಆಗದು. ಪ್ಲಾಸ್ಟರ್ ಮಂಡಿಯ ಮೇಲಿನವರೆಗೆ ಇದ್ದರೆ ಆಗದು. ಕೆಲವು ಆಂಕಲ್ ಪೆಟ್ಟಿನಲ್ಲಿ ಫಿಬುಲಾ ಮಂಡಿಯ ಹತ್ತಿರ ಮೇಲೆ ಮುರಿದಿರುತ್ತದೆ. ಅಂಥವರಿಗೆ ಮೆತ್ತೆ ಸರಿಯಾಗಿ ಅಲ್ಲೇ ಒತ್ತುತ್ತದೆ, ಡಾಕ್ಟರನ್ನು ಕೇಳದೆ ಹತ್ತಬೇಡಿ. ಒಂಟಿ ಕಾಲಲ್ಲಿ ತಳ್ಳಿ ತಳ್ಳಿ ಆ ಕಡೆಯ ಸೊಂಟ, ಬೆನ್ನು ಹಿಡಿಯುತ್ತದೆ.

ಬೀಳುವುದು ಎಲ್ಲಿ ಅಂತ ಕೇಳಿದರೆ, ಎರಡು ಕಡೆ. ಒಂದು ಹೊಸ್ತಿಲು, ಕಾರ್ಪೆಟ್ಟಿನ ಅಂಚು, ಟೈಲ್ಸ್ ಸಂದು. ಪುಟ್ಟ ಚಕ್ರ ಅಲ್ಲಿ ಗಕ್ಕನೆ ನಿಲ್ಲುತ್ತದೆ, ನಾವು ನಿಲ್ಲುವುದಿಲ್ಲ. ಅಲ್ಲಿ ಪೂರ್ತಿ ನಿಂತು, ಮುಂದಿನ ಚಕ್ರವನ್ನು ಸ್ವಲ್ಪ ಎತ್ತಿ ದಾಟಿಸಬೇಕು. ಇನ್ನೊಂದು ತಿರುವು. ಜೋರಾಗಿ ತಿರುಗಿದರೆ ಪಕ್ಕಕ್ಕೆ ಮಗುಚುತ್ತದೆ. ಹಾಗಾಗಿ ಕೊಳ್ಳುವಾಗ ಸ್ಟೀರಿಂಗ್ ತಿರುಗುವ ಮಾದರಿ, ಲಾಕ್ ಆಗುವ ಬ್ರೇಕ್, ದೊಡ್ಡ ಚಕ್ರ, ಈ ಮೂರನ್ನು ನೋಡಿ. ಮೆತ್ತೆಯ ಎತ್ತರ ಸೊಂಟದ ಎರಡೂ ಬದಿ ಸಮ ಇರುವ ಹಾಗೆ ಹೊಂದಿಸಿ. ನಿಮ್ಮ ತೂಕ ಅದರ ಮಿತಿಯೊಳಗೆ ಇದೆಯಾ ಅಂತಲೂ ನೋಡಿ.

ಇದರ ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ. ಇದು ಓಡಾಟವನ್ನು ಎಷ್ಟು ಸುಲಭ ಮಾಡುತ್ತದೆ ಅಂದರೆ ಜನ ಮೊದಲ ವಾರದಲ್ಲೇ ಊರೆಲ್ಲ ಸುತ್ತುತ್ತಾರೆ. ಆ ವಾರಗಳಲ್ಲಿ ಪಾದವನ್ನು ಎದೆಗಿಂತ ಎತ್ತರಕ್ಕೆ ದಿಂಬಿನ ಮೇಲಿಟ್ಟು ಮಲಗಿದಷ್ಟು ಊತ ಇಳಿಯುತ್ತದೆ, ಆಪರೇಷನ್ ಗಾಯ ಚೆನ್ನಾಗಿ ಕೂಡುತ್ತದೆ. ಸ್ಕೂಟರಿನ ಮೇಲೆ ಪಾದ ಕೆಳಗೇ ಇರುತ್ತದೆ, ಮಂಡಿ ಮಡಿಸಿಯೇ ಇರುತ್ತದೆ. ನನ್ನನ್ನು ಕೇಳಿದರೆ ಮೊದಲ ಎರಡು ವಾರ ವಾಕರ್ ಅಥವಾ ಊರುಗೋಲು, ಹೊಲಿಗೆ ಬಿಚ್ಚಿದ ಮೇಲೆ ಸ್ಕೂಟರ್.

ಕಾಲಿಗೇ ಕಟ್ಟಿಕೊಳ್ಳುವ ಕೃತಕ ಕಾಲು

ಮಂಡಿ ಮಡಿಸಿ, ತೊಡೆಗೂ ಮೊಣಕಾಲಿಗೂ ಪಟ್ಟಿ ಬಿಗಿದು, ಕೆಳಗಿನ ಕೋಲಿನ ಮೇಲೆ ನಡೆಯುವುದು. ಎರಡೂ ಕೈ ಪೂರ್ತಿ ಖಾಲಿ. ಅಭ್ಯಾಸವಾದರೆ ಮೆಟ್ಟಿಲೂ ಹತ್ತಬಹುದು. ಆಯ ಚೆನ್ನಾಗಿರುವ, ಮಂಡಿ ಸೊಂಟ ಗಟ್ಟಿ ಇರುವ, ಕೈ ಖಾಲಿ ಇರಲೇಬೇಕಾದ ಕೆಲಸದವರಿಗೆ ಮಾತ್ರ. ಎತ್ತರಕ್ಕೂ ತೂಕಕ್ಕೂ ಮಿತಿ ಇರುತ್ತದೆ. ಬೇರೆ ಯಾವುದಾದರೂ ನಡೆಯುತ್ತದೆ ಅನ್ನುವವರಿಗೆ ಇದು ಬೇಡ.

ವೀಲ್‌ಚೇರ್

ಬೀಳುವ ಭಯ ಎಲ್ಲಕ್ಕಿಂತ ಕಮ್ಮಿ ಇರುವುದು ಇದರಲ್ಲಿ. ಕಾಲು ನೀಡಿ ಎತ್ತಿಡುವ ಲೆಗ್‌ರೆಸ್ಟ್ ಇರುವ ಕುರ್ಚಿಯಾದರೆ ಪಾದ ಇಳಿಬೀಳದೆ ಕೂರಬಹುದು. ಬೇರೆ ಯಾವ ಸಾಧನವೂ ಇದನ್ನು ಕೊಡುವುದಿಲ್ಲ. ಎರಡೂ ಕಾಲಿಗೆ ಪೆಟ್ಟಾದವರು, ಕೈಗೂ ಪೆಟ್ಟಾದವರು, ಒಂಟಿ ಕಾಲಲ್ಲಿ ನಿಲ್ಲಲಾಗದವರು, ಸ್ಪರ್ಶ ಹೋದವರು, ಬೇರೆ ಯೋಚನೆ ಮಾಡದೆ ಇದಕ್ಕೇ ಬನ್ನಿ. ಉಳಿದವರಿಗೂ ಆಸ್ಪತ್ರೆ, ವಿಮಾನ ನಿಲ್ದಾಣ, ಮದುವೆ ಮನೆ ಅಂಥ ಉದ್ದ ಓಡಾಟದ ದಿನಕ್ಕೆ ಇದು ಬೇಕು. ಎಷ್ಟೋ ಕಡೆ ಅಲ್ಲೇ ಕೊಡುತ್ತಾರೆ.

ಬಾಗಿಲಿನ ಅಳತೆ ಇಲ್ಲಿ ನಿರ್ಧಾರ ಮಾಡುತ್ತದೆ. ದೊಡ್ಡವರ ಸಾಮಾನ್ಯ ಕುರ್ಚಿಯ ಒಟ್ಟು ಅಗಲ 60ರಿಂದ 68 ಸೆಂ.ಮೀ. ಆಸುಪಾಸು. ಬಾತ್‌ರೂಮಿನ ಬಾಗಿಲು ಅದಕ್ಕಿಂತ ಕಿರಿದಾಗಿದ್ದರೆ ಬಾಗಿಲವರೆಗೆ ಕುರ್ಚಿ, ಒಳಗೆ ವಾಕರ್ ಅಂತ ಎರಡು ಬೇಕಾಗುತ್ತವೆ. ಕೂರುವಾಗಲೂ ಏಳುವಾಗಲೂ ಬ್ರೇಕ್ ಹಾಕುವುದನ್ನು ಮರೆಯಬೇಡಿ.

ಪ್ಲಾಸ್ಟರ್ ಅಥವಾ ಬೂಟ್ ಅಂತ ಕೇಳಿದರೆ

ಕೆಲವರಿಗೆ ಡಾಕ್ಟರು ಇದನ್ನೂ ಆರಿಸಲು ಬಿಡುತ್ತಾರೆ. ಬೂಟ್ ಬಿಚ್ಚಬಹುದು, ಕಾಲು ತೊಳೆಯಬಹುದು, ಕೀಲನ್ನು ಬೇಗ ಆಡಿಸಲು ಶುರು ಮಾಡಬಹುದು. ಬಿಚ್ಚಬಹುದು ಅನ್ನುವುದೇ ಅದರ ದೋಷವೂ ಹೌದು. ಮಾತು ಕೇಳದ ರೋಗಿಗೆ ಪ್ಲಾಸ್ಟರೇ ಸರಿ. ಬ್ರಿಟನ್ನಿನಲ್ಲಿ 669 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 16 ವಾರದ ಹೊತ್ತಿಗೆ ಎರಡೂ ಗುಂಪಿನವರ ಕಾಲಿನ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮ್ಮ ಸ್ವಭಾವ ನೋಡಿಕೊಂಡು ಹೇಳಿ. ಬೂಟಿನ ಅಡಿ ದಪ್ಪ ಇರುವುದರಿಂದ ನಡೆಯಲು ಶುರು ಮಾಡಿದಾಗ ಇನ್ನೊಂದು ಕಾಲಿಗೆ ಎತ್ತರದ ಶೂ ಹಾಕದಿದ್ದರೆ ಸೊಂಟ ನೋಯುತ್ತದೆ.

ಬಿಳಿ ಪ್ಲಾಸ್ಟರ್ ಪೂರ್ತಿ ಒಣಗಲು ಎರಡು ಮೂರು ದಿನ ಬೇಕು, ಅಲ್ಲಿಯವರೆಗೆ ಗಟ್ಟಿ ಜಾಗದ ಮೇಲೆ ಒತ್ತಿ ಇಡಬೇಡಿ. ಫೈಬರ್ ಕಾಸ್ಟ್ ಅರ್ಧ ಗಂಟೆಯಲ್ಲೇ ಗಟ್ಟಿಯಾಗುತ್ತದೆ, ಹಗುರ. ಊರುಗೋಲಿನಲ್ಲಿ ಕಾಲು ಎತ್ತಿಕೊಂಡು ಹೋಗುವವರಿಗೆ ಆ ಹಗುರ ಚೆನ್ನಾಗಿ ಗೊತ್ತಾಗುತ್ತದೆ.

ಯಾವುದನ್ನೇ ಹಾಕಿರಲಿ, ಬೆರಳು ನೀಲಿ ಅಥವಾ ತಣ್ಣಗಾದರೆ, ಮರಗಟ್ಟಿದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಲೇ ಹೋದರೆ, ಜ್ವರ ಬಂದರೆ, ಗಾಯ ಸೋರಿದರೆ, ಮೀನಖಂಡ ಊದಿ ನೋಯತೊಡಗಿದರೆ ಅಂದೇ ಆಸ್ಪತ್ರೆಗೆ ಹೋಗಿ. ಎದೆನೋವು, ಏದುಸಿರು ಬಂದರೆ ಒಂದು ಕ್ಷಣವೂ ಕಾಯಬೇಡಿ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು.

ದುಡ್ಡು ಎಲ್ಲಿ ಹಾಕಬೇಕು

ಊರುಗೋಲು, ಎತ್ತಿ ಇಡುವ ವಾಕರ್ ಎರಡೂ ಅಗ್ಗದ ವಸ್ತು, ಕೊಂಡರೂ ನಷ್ಟ ಇಲ್ಲ. ಪರಿಚಯದವರ ಅಟ್ಟದ ಮೇಲೆ ಒಂದು ಜೊತೆ ಇದ್ದೇ ಇರುತ್ತದೆ, ಕೇಳಿ ನೋಡಿ. ಸ್ಕೂಟರ್, ವೀಲ್‌ಚೇರ್ ಬಾಡಿಗೆಗೆ ತನ್ನಿ. ಬಾಡಿಗೆ ಒಟ್ಟು ಮೊತ್ತ ಹೊಸದರ ಬೆಲೆಯ ಅರ್ಧ ದಾಟುತ್ತದೆ ಅಂತಾದರೆ ಹಳೆಯದನ್ನು ಕೊಂಡು ಆಮೇಲೆ ಮಾರುವುದು ಲೇಸು.

ಉಳಿದ ದುಡ್ಡನ್ನು ನಾನಾದರೆ ಸ್ನಾನದ ಕುರ್ಚಿಗೆ ಹಾಕುತ್ತೇನೆ. ಒಂಟಿ ಕಾಲಲ್ಲಿ, ಸೋಪು ನೀರಿನ ಮೇಲೆ ನಿಂತು ಸ್ನಾನ ಮಾಡುವುದಕ್ಕಿಂತ ಅಪಾಯದ ಕೆಲಸ ಈ ಆರು ವಾರದಲ್ಲಿ ಬೇರೆ ಇಲ್ಲ. ಆಮೇಲೆ ಪ್ಲಾಸ್ಟರಿಗೆ ನೀರು ತಾಗದ ಕವರ್, ಕಮೋಡ್ ಪಕ್ಕ ಒಂದು ಗೋಡೆ ಹಿಡಿ, ಅಡ್ಡ ಹಾಕಿಕೊಳ್ಳುವ ಚೀಲ. ಟವೆಲ್ ಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ, ಅದನ್ನು ನಂಬಬೇಡಿ.

ಹಾಗಾದರೆ ಯಾರಿಗೆ ಯಾವುದು

ಅರವತ್ತು ದಾಟಿದವರು, ಒಂದೇ ಮಹಡಿಯಲ್ಲಿ ಇರುವವರು: ಮನೆಯೊಳಗೆ ವಾಕರ್, ಹೊರಗೆ ವೀಲ್‌ಚೇರ್. ಊರುಗೋಲು ಬೇಡ. ಮಗ, ಮಗಳು ಹುಮ್ಮಸ್ಸಿನಲ್ಲಿ ಸ್ಕೂಟರ್ ತಂದುಕೊಟ್ಟರೂ ಬೇಡ ಅನ್ನಿ.

ಮೂರನೇ ಮಹಡಿ, ಲಿಫ್ಟ್ ಇಲ್ಲ, ವಯಸ್ಸು ಮೂವತ್ತು: ಮೊಣಕೈ ಅಥವಾ ಕಂಕುಳ ಊರುಗೋಲು, ಮೆಟ್ಟಿಲು ಹತ್ತುವುದನ್ನು ಫಿಸಿಯೋ ಮುಂದೆ ಕಲಿತೇ ಮನೆಗೆ ಹೋಗಿ. ಸಾಧ್ಯವಾದರೆ ಮೊದಲ ಎರಡು ವಾರ ಇಳಿಯಲೇಬೇಡಿ.

ಒಬ್ಬರೇ ಇರುವವರು, ಅಡುಗೆ ತಾವೇ ಮಾಡಿಕೊಳ್ಳುವವರು, ನೆಲ ಸಮ ಇದೆ, ಬಾಗಿಲು ಅಗಲ ಇದೆ: ಸ್ಕೂಟರ್, ಜೊತೆಗೆ ಹಾಸಿಗೆ ಪಕ್ಕ ಒಂದು ವಾಕರ್. ಹೊಸ್ತಿಲು ಎತ್ತರ ಇರುವ ಮನೆಯಾದರೆ ಅಡುಗೆ ಕಟ್ಟೆಯ ಮುಂದೆ ಎತ್ತರದ, ಕದಲದ ಸ್ಟೂಲು, ಓಡಾಟಕ್ಕೆ ವಾಕರ್. ಕಡಿಮೆ ಖರ್ಚಿನ ಈ ಜೋಡಿಯೇ ಎಷ್ಟೋ ಮನೆಗೆ ಸಾಕು.

ಚಿಕ್ಕ ಮಗು ಇರುವ ತಾಯಿ ತಂದೆಯರಿಗೆ ಇದರಲ್ಲಿ ಯಾವ ಸಾಧನವೂ ಪೂರ್ತಿ ಉತ್ತರವಲ್ಲ. ಮಗುವನ್ನು ಎತ್ತಿಕೊಂಡು ಊರುಗೋಲಿನಲ್ಲೂ ಹೋಗುವ ಹಾಗಿಲ್ಲ, ಸ್ಕೂಟರಿನ ಬುಟ್ಟಿಯಲ್ಲಂತೂ ಕೂರಿಸುವ ಹಾಗಿಲ್ಲ. ನೆಲದ ಮೇಲೆ ಹಾಸಿಗೆ ಹಾಸಿ ಮಗುವಿನ ಎಲ್ಲ ಕೆಲಸವನ್ನೂ ಅಲ್ಲೇ ಕೂತು ಮಾಡಿ. ದುಡ್ಡು ಉಳಿದಿದ್ದರೆ ಸಾಧನಕ್ಕಿಂತ ಒಬ್ಬರ ಸಹಾಯಕ್ಕೆ ಕೊಡಿ.

ಬೂಟಿನಲ್ಲಿ ನಡೆಯಬಹುದು ಅಂದವರಿಗೆ ಒಂದು ಜೊತೆ ಊರುಗೋಲು ಸಾಕು, ಕೆಲವು ದಿನಕ್ಕೆ ಅದೂ ಒಂದಕ್ಕೆ ಇಳಿಯುತ್ತದೆ.

ಆ ಒಂದನ್ನು ಹಿಡಿಯಬೇಕಾದದ್ದು ಪೆಟ್ಟಾಗದ ಕಡೆಯ ಕೈಯಲ್ಲಿ. ಬಹಳ ಜನ ಉಲ್ಟಾ ಹಿಡಿಯುತ್ತಾರೆ, ನೋಯುವ ಕಾಲಿನ ಮೇಲೇ ವಾಲುತ್ತಾರೆ. ಕೋಲೂ ಪೆಟ್ಟಾದ ಕಾಲೂ ಒಟ್ಟಿಗೆ ಮುಂದೆ ಹೋಗಲಿ. ಕುಂಟುವುದು ನಿಲ್ಲುವವರೆಗೆ ಕೋಲು ಬಿಡಬೇಡಿ. ಕೋಲಿಲ್ಲದೆ ಕುಂಟಿ ಕುಂಟಿ ನಡೆದರೆ ಅದೇ ರೂಢಿಯಾಗುತ್ತದೆ. ಸಂಜೆಯ ಹೊತ್ತಿಗೆ ಪಾದ ಊದುವುದು ತಿಂಗಳುಗಟ್ಟಲೆ ಇರುತ್ತದೆ, ಅದನ್ನು ಕಂಡು ಹೆದರಿ ಮತ್ತೆ ಹಾಸಿಗೆ ಹಿಡಿಯಬೇಕಿಲ್ಲ. ಬಾಡಿಗೆ ಸಾಮಾನನ್ನು ಮಾತ್ರ ಮುಂದಿನ ಎಕ್ಸ್‌ರೇ ನೋಡಿ ಡಾಕ್ಟರು "ಊರಬಹುದು" ಅಂದ ಮೇಲೆಯೇ ಮರಳಿಸಿ. "ಇನ್ನೆರಡು ವಾರ" ಅನ್ನುವುದು ಅಪರೂಪವೇನಲ್ಲ.